ಕೌದಿಯೊಳಗಿನ ರೊಟ್ಟಿ

ತಟ್ಟೆ ಬಿಳಿಯದಿತ್ತು. ಶೈಲಶ್ರೀಗೆ ಮೊದಲು ಸಿಟ್ಟು ತರಿಸಿದ್ದೇ ಅದು. ಹೆಬ್ಬೆರಳಿನಷ್ಟು ಜೋಳದ ರೊಟ್ಟಿಯ ಚೂರನ್ನು ಹೊಸ ಪಿಂಗಾಣಿ ತಟ್ಟೆಯ ನಟ್ಟನಡುವೆ ಇಟ್ಟು, ಪಕ್ಕಕ್ಕೆ ಕತ್ತರಿ ಇಟ್ಟು, ಕಿಟಕಿಯ ಬೆಳಕು ಸರಿಯಾಗಿ ಬೀಳುವಂತೆ ನೋಡಿಕೊಂಡು ಫೋಟೋ ತೆಗೆದಿದ್ದಳು ಆ ಮೈಸೂರಿನ ಮಹಾತಾಯಿ. ಕೊಲೆಯಾದ ಜಾಗದ ಫೋಟೋ ಇದ್ದ ಹಾಗಿತ್ತು. 'ಮಗುವಿಗೆ ಅಂತ ತರಿಸಿದ ಕೌದಿಯ ಮೂಲೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಬಿಚ್ಚಿ ನೋಡಿದರೆ ಇದು. ಎಲ್ಲರೂ ಹುಷಾರಾಗಿರಲಿ ಅಂತ ಹಾಕ್ತಿದ್ದೀನಿ' ಎಂದು ಕೆಳಗೆ ಬರೆದಿದ್ದಳು. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯ ಬಾಡಿಗೆ ಖೋಲಿಯಲ್ಲಿ, ಇಸ್ತ್ರಿ ಪೆಟ್ಟಿಗೆ ಕಾಯಲು ಹಚ್ಚಿ, ಶೈಲಶ್ರೀ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು, ಸಣ್ಣದು ಮಾಡಿ ನೋಡಿದಳು. ರೊಟ್ಟಿಗೆ ಬೂಷ್ಟು ಕೂಡ ಹಿಡಿದಿರಲಿಲ್ಲ. ಖಡಕ್ ರೊಟ್ಟಿ, ಅದಕ್ಕೆಲ್ಲಿಯ ಬೂಷ್ಟು. ಫೋಟೋದ ಕೆಳಗೆ ಫೋನಿನ ಹೆಂಗಸರ ವ್ಯಾಪಾರದ ಬಳಗದ ಅಕ್ಕತಂಗಿಯರು ಒಬ್ಬರ ಹಿಂದೊಬ್ಬರು ಬಂದು ಅಯ್ಯೋ ದೇವರೇ ಅಂದಿದ್ದರು, ಛೀ ಅಂದಿದ್ದರು, ಪಾಪ ಕಂದ ಅಂದಿದ್ದರು. ಒಬ್ಬಳು ಮಾತ್ರ ತಣ್ಣಗೆ ಬರೆದಿದ್ದಳು: 'ಸುಟ್ಟುಬಿಡಿ ಮೇಡಂ. ಮಾಟ ಇರಬಹುದು. ಆ ಕಡೆ ಇವೆಲ್ಲ ಜಾಸ್ತಿ.' ಆ ಕಡೆಯಂತೆ! ಯಾವ ಕಡೆ? ನಿಮ್ಮಪ್ಪನ ಮನೆ ಕಡೆಯೇನ? ಎಂದು ಶೈಲಶ್ರೀ ಖೋಲಿಯ ಗೋಡೆಗೆ ಕೇಳುವಂತೆ ಗಟ್ಟಿಯಾಗಿ ಅಂದಳು. ಅಂದದ್ದು ಗೋಡೆಗಷ್ಟೇ. ಬಳಗದಲ್ಲಿ ನಿನ್ನೆಯೇ ಬೇರೆ ಏನೋ ಬರೆದು ಕೂತಿದ್ದಳು.

'ದಯವಿಟ್ಟು ಕ್ಷಮಿಸಿ. ನಮ್ಮ ಕೌದಿಗಳನ್ನು ಹಳ್ಳಿಯ ಹೆಂಗಸರು ಹೊಲಿಯುತ್ತಾರೆ. ಅವರಿಗೆ ಶುಚಿತ್ವದ ತಿಳಿವಳಿಕೆ ಕಡಿಮೆ. ಅವರಿಂದ ತಪ್ಪಾಗಿದೆ. ತಿಳಿಹೇಳುತ್ತೇನೆ.' ಕೊನೆಗೆ ಎರಡು ಕೈ ಮುಗಿದ ಚಿತ್ರ. ತಾನು ಹುಟ್ಟಿ ಬೆಳೆದ ಮೂವತ್ತು ಚಿಲ್ಲರೆ ವರ್ಷದಲ್ಲಿ ಶುಚಿತ್ವ ಎಂಬ ಶಬ್ದವನ್ನು ಬಾಯಿಂದ ಆಡಿದ್ದೇ ಇಲ್ಲ, ಅದೆಲ್ಲಿಂದ ಬಂದು ಬೆರಳಿನ ತುದಿಯಲ್ಲಿ ಕೂತಿತು? ಮೊದಲು ಬೇರೆ ಬರೆದಿದ್ದಳು. ಕೌದಿಯ ಕೊನೆಯ ಮೂಲೆಯನ್ನು ಗೇಣುದ್ದ ತೆರೆದೇ ಇಟ್ಟಿರುತ್ತಾರೆ, ಅದರೊಳಗೆ ರೊಟ್ಟಿಯ ಚೂರೊಂದನ್ನು ತೂರಿಸಿ ಆಮೇಲೆ ಮುಚ್ಚುತ್ತಾರೆ, ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ ನಮ್ಮಲ್ಲಿ, ಹಸಿದ ಕೌದಿ ಹೊಚ್ಚಿಕೊಂಡವರ ನಿದ್ದೆ ತಿನ್ನುತ್ತದಂತೆ, ಎಂದೆಲ್ಲ ಬರೆದು ಓದಿದಾಗ ಅದು ಅವಳಿಗೇ ಮಾಟದ ವಿವರಣೆಯ ಹಾಗೆ ಕಂಡಿತ್ತು. ಅಳಿಸಿದಳು. ಅಳಿಸಿದ ಜಾಗಕ್ಕೆ ಹಳ್ಳಿಯ ಹೆಂಗಸರು ಬಂದು ಕೂತರು. ಹೊಲಿದವಳು ತವರೂರು ತಿಕೋಟಾದ ಆಶಾಬಿ. ರೊಟ್ಟಿ ಇಟ್ಟವಳು ಆಶಾಬಿಯಲ್ಲ, ಶೈಲಶ್ರೀ. ತನ್ನ ಕೈಯಾರೆ ಇಟ್ಟಿದ್ದಳು, ಇದೇ ಖೋಲಿಯಲ್ಲಿ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ.

ಆರ್ಡರಿನ ಮಾಲಿಗೆ ರೊಟ್ಟಿ ಬೇಡ ಚಾಚಿ ಎಂದು ಶುರುವಿಗೇ ಹೇಳಿದವಳು ಅವಳೇ. ಆಶಾಬಿ ಹ್ಞೂಂ ಅಂದಿದ್ದಳು, ಆದರೆ ಮೂಲೆಯನ್ನು ಮಾತ್ರ ತೆರೆದೇ ಕಳಿಸುತ್ತಿದ್ದಳು. ಹೊಲಿದವಳಲ್ಲ, ಮನೆಯಿಂದ ಹೊರಗೆ ಕೊಡುವವಳು ಹೊಟ್ಟೆ ತುಂಬಿಸಬೇಕು, ಅದು ರೂಢಿ. ನೀನು ಕೊಡುವವಳು, ಇಡು, ಬಿಡು, ನಿನಗೆ ಬಿಟ್ಟದ್ದು, ಎಂಬುದು ಅವಳ ಹಟ. ಶೈಲಶ್ರೀ ಒಂದೊಂದನ್ನೂ ಖಾಲಿ ಮುಚ್ಚಿ, ಇಸ್ತ್ರಿ ಹೊಡೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಳಿಸುತ್ತ ಬಂದಿದ್ದಳು. ಇದೊಂದನ್ನು ಮಾತ್ರ ಆಗಲಿಲ್ಲ. ತೊಡೆಯ ಮೇಲೆ ಹರವಿದರೆ ಮೊಳಕಾಲು ಕೂಡ ಮುಚ್ಚದಷ್ಟು ಸಣ್ಣ ಕೌದಿ. ಹಸುಗೂಸು ಹೊಚ್ಚಿಕೊಳ್ಳುವಂಥದ್ದು. ಖಾಲಿ ಕಳಿಸಲು ಮನಸ್ಸು ಬರಲಿಲ್ಲ, ಕೈ ತಾನೇ ಡಬ್ಬಿಗೆ ಹೋಯಿತು, ರೊಟ್ಟಿಯ ಅಂಚು ಮುರಿಯಿತು, ಇಟ್ಟು ಮುಚ್ಚಿತು. ಆ ಕೂಸು ಸುಖವಾಗಿ ಮಲಗಲಿ ಅಂದುಕೊಂಡಿದ್ದಳು. ಈಗ ಆ ಕೂಸಿನ ತಾಯಿಯ ಕತ್ತರಿ, ತಟ್ಟೆ, ಕಿಟಕಿಯ ಬೆಳಕು. ನಾಯಿಗೆ ಹಾಕುವ ರೊಟ್ಟಿಯನ್ನೂ ಯಾರೂ ಹೀಗೆ ಎತ್ತಿ ತೋರಿಸುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಕಾದು ಸುಟ್ಟ ವಾಸನೆ ಬಂದಾಗಲೇ ಅವಳಿಗೆ ಎಚ್ಚರವಾದದ್ದು. ಗುಂಡಿ ಆರಿಸಿ, ಖೋಲಿಗೆ ಕೀಲಿ ಹಾಕಿ, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಆಶಾಬಿಯಿಂದ ಕ್ಷಮೆ ಕೇಳಿಸಿ ವಿಡಿಯೋ ಮಾಡಿಕೊಂಡು ಬರಬೇಕಿತ್ತು.

ಅದು ಸಂಘಮಿತ್ರಾ ಮೇಡಂ ಹೇಳಿದ್ದು. ಬಳಗ ಕಟ್ಟಿದವಳು ಅವಳು, ಯಾರನ್ನು ಒಳಗಿಡಬೇಕು ಯಾರನ್ನು ಹೊರಗೆ ಕಳಿಸಬೇಕು ಎಂಬುದು ಅವಳ ಬೆರಳಿನಲ್ಲಿತ್ತು. ಮುಖ ನೋಡಿದ್ದು ಫೋನಿನಲ್ಲಷ್ಟೇ, ದನಿ ಮಾತ್ರ ದಿನಾ ಬೆಳಗ್ಗೆ ಬರುತ್ತಿತ್ತು. ಇವತ್ತು ಶೈಲಶ್ರೀಗೆಂದೇ ಬೇರೆಯಾಗಿ ಬಂದಿತ್ತು. "ಶೈಲಾ ಡಿಯರ್, ನೀವು ಬೇಜಾರಾಗಬೇಡಿ, ನಾವೆಲ್ಲ ನಿಮ್ಮ ಜೊತೆ ಇದ್ದೀವಿ. ಆದ್ರೆ ನೋಡಿ, ನಮ್ಮಲ್ಲಿ ನಂಬಿಕೆನೇ ಎಲ್ಲ. ಆ ಅಜ್ಜಿ ಕೈಲೇ ಒಂದು ಚಿಕ್ಕ ವಿಡಿಯೋ ಹಾಕಿಸಿಬಿಡಿ. ಗೊತ್ತಿಲ್ಲದೆ ಮಾಡಿದೆ, ಇನ್ಮೇಲೆ ಮಾಡಲ್ಲ, ಅಷ್ಟೇ. ಸಂಜೆಯೊಳಗೆ ಬಂದ್ರೆ ಒಳ್ಳೇದು. ಇಲ್ಲಾಂದ್ರೆ ಸ್ವಲ್ಪ ದಿನ ನಿಮ್ಮನ್ನ ಹೊರಗಿಡಬೇಕಾಗುತ್ತೆ. ಸಹಜವಾಗಿರಲಿ, ಆಯ್ತಾ? ಹಳ್ಳಿ ಮನೆ, ಹಿಂದೆ ಒಲೆ, ಹಾಗೆ." ಹಿಂದೆ ಒಲೆಯಂತೆ! ಗಂಡ ಸಂಗನಬಸವ ಬೂಟಿನ ಲೇಸು ಕಟ್ಟಿಕೊಳ್ಳುತ್ತ ಅದನ್ನೆಲ್ಲ ಕೇಳಿಸಿಕೊಂಡು, "ಅಷ್ಟ ಹೌದಿಲ್ಲೋ? ಮುದುಕಿ ಒಮ್ಮೆ ಸಾರಿ ಅಂದ್ರ ಏನ್ ಹೊಕ್ಕೈತಿ? ತಿಕೋಟಾದಾಗ ಯಾಂವ ನೋಡಾಂವ ಅದಾನ ಅದನ್ನ?" ಎಂದಿದ್ದ. ಅವನ ಮೇಲೆ ಬೆಂಕಿಯಂಥ ಸಿಟ್ಟು ಬಂದದ್ದು ಅವನು ಹಾಗೆ ಅಂದದ್ದಕ್ಕಲ್ಲ. ತಾನೂ ಆ ದನಿ ಕೇಳಿದಾಗಿನಿಂದ ಅದೇ ಲೆಕ್ಕ ಹಾಕುತ್ತಿದ್ದಳು, ಯಾರು ನೋಡುತ್ತಾರೆ ತಿಕೋಟಾದಲ್ಲಿ ಅಂತ. ಅದು ಅವನ ಬಾಯಲ್ಲಿ ಬಂದಾಗ ಎಷ್ಟು ಹೊಲಸಾಗಿ ಕೇಳಿಸಿತೆಂದರೆ ಡಬ್ಬಿಗೆ ಚಟ್ನಿ ಹಾಕುವುದನ್ನು ಬಿಟ್ಟು ಒಳಗೆ ಹೋಗಿಬಿಟ್ಟಳು.

ತಿಕೋಟಾದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಂಡಕ್ಟರ್ ಬಂದು "ಆಧಾರ ತೋರಸ್ರಿ ಅಕ್ಕಾರ" ಎಂದ. ಫೋನು ತೆಗೆದು ಆಧಾರ ಕಾರ್ಡಿನ ಚಿತ್ರ ಹುಡುಕುವಷ್ಟರಲ್ಲಿ ಪರದೆಯ ಮೇಲಿಂದ ಬಳಗದ ಹೊಸ ಮಾತೊಂದು ಇಳಿಯಿತು, 'ವಿಡಿಯೋ ಬಂತಾ?' ಎಂದು. ಯಾರೋ ಕೇಳಿದ್ದರು. ಕಂಡಕ್ಟರನೂ ಓದಿದನೇನೋ ಎಂದು ಅವಳ ಕಿವಿ ಬಿಸಿಯಾದವು. ಎಲ್ಲರೂ ಕಾಯುತ್ತಿದ್ದಾರೆ, ಆಶಾಬಿಯ ಮುಖ ನೋಡಲು, ಬಾಯಿ ಚಪ್ಪರಿಸಿಕೊಂಡು ಕಾಯುತ್ತಿದ್ದಾರೆ. ಈ ಬಳಗವನ್ನು ಹುಡುಕಿಕೊಂಡಾಗ ಎಷ್ಟು ಕುಣಿದಾಡಿದ್ದಳು! ಅದಕ್ಕೂ ಮೊದಲು ಊರಿನ ವ್ಯಾಪಾರಸ್ಥರ ಗ್ರೂಪೊಂದಕ್ಕೆ ಯಾರೋ ಸೇರಿಸಿದ್ದರು. ಎಲ್ಲ ಗಂಡಸರೇ. ಬೋರ್‌ವೆಲ್ ಪಂಪು, ಪ್ಲಾಟು, ಒಣದ್ರಾಕ್ಷಿ ಧಾರಣಿ, ಬೆಳಗಾದರೆ ದೇವರ ಫೋಟೋ. ಧೈರ್ಯ ಮಾಡಿ ಒಂದು ಕೌದಿಯ ಫೋಟೋ ಹಾಕಿದ್ದಕ್ಕೆ ಒಬ್ಬ 'ಇಂಥಾವು ನಮ್ಮ ಮನ್ಯಾಗ ನಾಯಿಗೆ ಹಾಸತೇವ್ರಿ' ಎಂದು ಬರೆದಿದ್ದ. ಅದಕ್ಕೆ ಹತ್ತಾರು ಜನ ಹಲ್ಲು ಕಿಸಿದಿದ್ದರು. ಇನ್ನೊಂದು ಗ್ರೂಪಿನಲ್ಲಿ ಉದ್ಯಮಿಯಾಗುವುದು ಹೇಗೆಂದು ಕಲಿಸುವವರೇ ತುಂಬಿದ್ದರು, ಒಬ್ಬರೂ ಏನನ್ನೂ ಮಾಡುತ್ತಿರಲಿಲ್ಲ. ಅವೆಲ್ಲ ಆದಮೇಲೆ ಈ ಬಳಗ. ಮೊದಲ ಕೌದಿ ಹಾಕಿದ ದಿನ ಎಷ್ಟು ಜನ ಅಕ್ಕತಂಗಿಯರು ಬಂದು ಹೃದಯ ಸುರಿದರು! ನಿಮ್ಮ ಬಣ್ಣದ ಆಯ್ಕೆ ಎಷ್ಟು ಚೆಂದ, ನೀವು ಒಂಟಿಯಲ್ಲ, ನಾವಿದ್ದೀವಿ. ಓದಿ ಓದಿ ಅತ್ತಿದ್ದಳು. ಹುಚ್ಚುಮುಂಡೇದು, ಅತ್ತಿದ್ದಳು! ತಿಕೋಟಾಕ್ಕೆ ಹೋಗಿ ಆಶಾಬಿಯ ಸೊಸೆ ಸೈಮಾಳ ಫೋನನ್ನೂ ಕಸಿದುಕೊಂಡು, ನೀನೂ ಇರು, ಕಲಿಯೋದು ಬಹಳ ಐತಿ, ಎಂದು ಅವಳನ್ನೂ ಸೇರಿಸಿದ್ದಳು.

ಬಸ್ಸು ತೊರವಿ ದಾಟಿತು. ಸೈಮಾ. ಅವಳ ಹೆಸರು ನೆನಪಾದದ್ದೇ ಶೈಲಶ್ರೀ ಫೋನು ತೆಗೆದು ಬಳಗದ ಹೆಸರುಗಳ ಪಟ್ಟಿ ನೋಡಿದಳು. ಬಳಗದಲ್ಲಿ ಸೈಮಾ ಇದ್ದಾಳೆ. ಒಂದು ಮಾತೂ ಬರೆಯುವುದಿಲ್ಲ, ಬರೀ ಓದುತ್ತಾಳೆ. ಹಳ್ಳಿಯ ಹೆಂಗಸರು, ಶುಚಿತ್ವ, ತಿಳಿವಳಿಕೆ ಕಡಿಮೆ. ಓದಿದಳೋ ಇಲ್ಲವೋ? ಅತ್ತೆಗೆ ಹೇಳಿದಳೋ ಇಲ್ಲವೋ? ಈ ಪ್ರಶ್ನೆ ರಾತ್ರಿಯೇ ಬರಬೇಕಿತ್ತು, ಬರೆಯುವ ಮೊದಲೇ ಬರಬೇಕಿತ್ತು, ಈಗ ಬಂತು. ಇಳಿದು ತಿರುಗಿ ಹೋಗಿಬಿಡಲೇ ಎನಿಸಿತು. ಹೋದರೆ ಸಂಜೆಯೊಳಗೆ ಬಳಗದಿಂದ ಹೊರಗೆ. ಆರ್ಡರೆಲ್ಲ ಬರುವುದು ಅಲ್ಲಿಂದಲೇ. ಆಶಾಬಿ, ಅವಳ ಓಣಿಯ ಇನ್ನಿಬ್ಬರು, ಬಬಲೇಶ್ವರದ ಗುರುಸಿದ್ದವ್ವ, ಅಷ್ಟೂ ಜನರ ಸೂಜಿ ನಡೆಯುವುದು ಅಲ್ಲಿಂದಲೇ. ಒಂದು ವಿಡಿಯೋದಿಂದ ನಾಲ್ಕು ಮನೆ ಉಳಿಯುವುದಾದರೆ ತಪ್ಪೇನು, ಎಂದು ಅವಳು ತನಗೇ ವಕೀಲಿ ಮಾಡಿಕೊಂಡಳು. ಮಾಡಿಕೊಳ್ಳುತ್ತಿದ್ದ ಹಾಗೇ ಆ ವಕೀಲಿಯ ಮೇಲೂ ಸಿಟ್ಟು ಬಂತು. ಬದಿಯಲ್ಲಿ ದ್ರಾಕ್ಷಿ ತೋಟದ ಪಡಗಳು ಸರಿದು ಹೋಗುತ್ತಿದ್ದವು. ಪಕ್ಕದ ಸೀಟಿನ ಮುದುಕಿ ನಿದ್ದೆಗಣ್ಣಿನಲ್ಲಿ ಅವಳ ಹೆಗಲಿಗೆ ತಲೆ ಕೊಟ್ಟಳು. ಸರಿಸಲೂ ಆಗದೆ, ಸುಮ್ಮನೆ ಕೂರಲೂ ಆಗದೆ, ಊರು ಬರುವ ತನಕ ಹಲ್ಲು ಕಡಿಯುತ್ತ ಕೂತಳು.

ಆಶಾಬಿ ಕಟ್ಟೆಯ ಮೇಲೆ ಕೂತಿದ್ದಳು. ಶೈಲಶ್ರೀ ಸಣ್ಣವಳಿದ್ದಾಗಿನಿಂದ ನೋಡಿದ ಕಟ್ಟೆ. ಎದುರುಗಡೆಯದೇ ತನ್ನ ತವರಿನ ಮನೆ, ಈಗ ಯಾರಿಗೋ ಮಾರಿದ್ದು. ದಿನಾ ಮಾಸಿದ ಸೀರೆಯಲ್ಲಿ, ಬಾಯಲ್ಲಿ ದಾರ ಕಚ್ಚಿಕೊಂಡು ಕೂರುವ ಹೆಂಗಸು ಇವತ್ತು ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಮೇಲೆ ನೀಟಾಗಿ ಹೊದ್ದ ಸೆರಗು. "ಎಲ್ಲಿಗರೆ ಹೊಂಟೀಯೇನ ಚಾಚಿ?" ಎಂದು ಕೇಳಿದಳು ಶೈಲಶ್ರೀ. "ಎಲ್ಲಿಗಿ ಹೋಗಲಿ? ಕುಂದ್ರು. ಛಾ ಕುಡಿ" ಎಂದಳು ಆಶಾಬಿ. ಸೈಮಾ ಬಾಗಿಲಲ್ಲಿ ಕಾಣಿಸಿಕೊಂಡು, "ಬರ್ರಿ ಅಕ್ಕಾ" ಎಂದಷ್ಟೇ ಅಂದು ಒಳಗೆ ಹೋದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಅವಳು ಓದಿದ್ದಾಳೆಂದು ತಿಳಿಯಲು ಶೈಲಶ್ರೀಗೆ ಅಷ್ಟೇ ಸಾಕಾಯಿತು.

ಛಾ ಬಂತು. ಕೇಳಬೇಕಾದ ಮಾತನ್ನು ಬಸ್ಸಿನಲ್ಲಿ ಎಷ್ಟು ಸಲ ತಿದ್ದಿ ಇಟ್ಟುಕೊಂಡಿದ್ದಳು. ಚಾಚಿ, ಒಂದು ಸಣ್ಣ ಕೆಲಸ. ಚಾಚಿ, ಆ ಬೆಂಗಳೂರು ಕಡೆ ಮಂದಿಗೆ ನಮ್ಮ ರೂಢಿ ತಿಳಿಯೂದಿಲ್ಲ, ಅದಕ್ಕ. ಕೊನೆಗೆ ಬಾಯಿಗೆ ಬಂದದ್ದು, "ಒಂದ ವಿಡಿಯೋ ಮಾಡೂದೈತಿ ನಿಂದು" ಎಂಬ ಒರಟು ಮಾತು, ಬಾಕಿ ವಸೂಲಿಗೆ ಬಂದವಳ ಹಾಗೆ.

"ಮಾಡು" ಎಂದಳು ಆಶಾಬಿ. ಸೆರಗು ಇನ್ನೊಮ್ಮೆ ಸರಿಮಾಡಿಕೊಂಡಳು. "ಇಲ್ಲೇ ಕುಂದ್ರಲೇನ, ಒಳಗ ಒಲಿ ಮುಂದ ಬರಲಿ?"

ಒಲೆ! ಶೈಲಶ್ರೀ ತಲೆಯೆತ್ತಿ ನೋಡಿದಳು. ಆಶಾಬಿಯ ಕಣ್ಣು ಬೇರೆ ಕಡೆ ಇದ್ದವು. ಶೈಲಶ್ರೀ ಫೋನು ಎತ್ತಿ ಹಿಡಿದು, ಹಸಿರು ಸೀರೆಯ ಸಣ್ಣ ಹೆಂಗಸು ಪರದೆಯ ನಡುವೆ ಬರುವಂತೆ ಸರಿಸಿಕೊಂಡಳು. "ಹ್ಞೂಂ, ಹೇಳು" ಎಂದಳು. ಏನು ಹೇಳಬೇಕೆಂದು ತಾನು ಇನ್ನೂ ಹೇಳಿಯೇ ಇಲ್ಲ ಎಂಬುದು ಹೊಳೆಯುವ ಮೊದಲೇ ಆಶಾಬಿ ಕೈ ಮುಗಿದು ಶುರು ಮಾಡಿದ್ದಳು. "ನಮಸ್ಕಾರ್ರಿ ಎಲ್ಲಾರಿಗೂ. ನಾ ಆಶಾಬಿ ಅಂತ್ರಿ, ತಿಕೋಟಾದಾಕಿ. ಆ ಕೌದ್ಯಾಗ ರೊಟ್ಟಿ ಇಟ್ಟಾಕಿ ನಾನ ಅದೀನ್ರಿ. ನಮ್ಮ ಶೈಲಾ ಬ್ಯಾಡ ಅಂತ ಹೇಳಿದ್ಳರಿ, ನಾ ಕೇಳಲಿಲ್ಲ. ಹಳ್ಳಿ ಹೆಂಗಸ್ರು ನಾವು, ನಮಗ ಶುಚಿತ್ವದ ತಿಳಿವಳಿಕಿ ಕಡಿಮಿರಿ. ಅಕೀದು ಏನೂ ತಪ್ಪಿಲ್ಲ. ಕೂಸಿನ ತಾಯಿ, ಮನಸಿಗಿ ಹಚಗೋಬ್ಯಾಡ ನಮ್ಮವ್ವ. ಇನ್ನ ಮ್ಯಾಲೆ ಇಡೂದಿಲ್ಲ." ಒಂದು ಕಡೆಯೂ ತಡವರಿಸಲಿಲ್ಲ. ಶುಚಿತ್ವ ಎಂಬ ಶಬ್ದವನ್ನು ಎಷ್ಟು ಸ್ವಚ್ಛವಾಗಿ ಅಂದಳೆಂದರೆ, ಬೆಳಗ್ಗೆಯಿಂದ ಕೂತು ಬಾಯಿಪಾಠ ಮಾಡಿದ್ದಿರಬೇಕು. ಬಾಗಿಲ ಹಿಂದೆ ಸೈಮಾ ಅಳುತ್ತಿದ್ದಳು.

"ಛಲೋ ಬಂತೇನ? ಇನ್ನೊಮ್ಮಿ ಅನ್ಲಿ?"

"ಯಾಕ ಸುಳ್ಳ ಹೇಳಿದಿ ಬೇ?" ಶೈಲಶ್ರೀಯ ದನಿ ಓಣಿಗೆಲ್ಲ ಕೇಳುವಷ್ಟು ಏರಿತು. "ಮೂಲಿ ತೆರದ ಕಳಿಸಿದಾಕಿ ನೀ. ರೊಟ್ಟಿ ಇಟ್ಟಾಕಿ ನಾ. ನಿನಗ ಗೊತ್ತಿಲ್ಲೇನ?"

"ಗೊತ್ತಿಲ್ಲದ ಏನ? ನೀ ಬರದದ್ದನ್ನ ನಾ ಹೇಳಿದೆ." ಆಶಾಬಿ ಈಗ ಅವಳನ್ನು ನೆಟ್ಟಗೆ ನೋಡಿದಳು. "ಸೈಮಾ ಓದಿ ಹೇಳಿದ್ಳು. ರಾತ್ರಿ ನನಗ ಬಾಳ ಸಿಟ್ಟ ಬಂದಿತ್ತು, ಮುಂಜಾನಿ ಏಳೂದ್ರಾಗ ಇಳೀತು. ಮುದುಕಿ ಒಲಿ ಮುಂದ ಕುಂತ ವಿಡಿಯೋ ಹಾಕ್ತಾಳ ಅಂತ ನಿಮ್ಮ ಮೇಡಂ ಗ್ರೂಪಿನ್ಯಾಗೂ ಬರದಾಳಂತ. ಕೆಲಸ ಉಳಿಬೇಕಲ್ಲ. ಸೀರಿ ಉಟಕೊಂಡ ಕುಂತೆ, ಬರತಾಳ ಅಂತ. ಬಂದಿ. ಈಗ ಕಳಸು ಅದನ್ನ."

ಅಷ್ಟೇ. ಬಯ್ಯಲಿಲ್ಲ, ಅಳಲಿಲ್ಲ. ಬಯ್ದಿದ್ದರೆ ಶೈಲಶ್ರೀಯೂ ಬಯ್ಯಬಹುದಿತ್ತು. ಕಟ್ಟೆಯಿಂದ ದೂಡಿ ಕಳಿಸಿದ್ದರೆ ಬಸ್ಸಿನಲ್ಲಿ ಅಳುತ್ತ ಹೋಗಬಹುದಿತ್ತು. ಫೋನಿನಲ್ಲಿ ಆಶಾಬಿ ಕೈ ಮುಗಿದು ಕೂತುಬಿಟ್ಟಿದ್ದಳು. ಒತ್ತಿದರೆ ಹೋಗುತ್ತದೆ. ಅಯ್ಯೋ ಅಜ್ಜಿ ಎಷ್ಟು ಮುದ್ದು ಅನ್ನುತ್ತಾರೆ. ಹೃದಯ ಸುರಿಯುತ್ತಾರೆ. ಸಂಘಮಿತ್ರಾ ಮೇಡಂ ಹೆಮ್ಮೆಯಾಗುತ್ತೆ ಡಿಯರ್ ಅನ್ನುತ್ತಾಳೆ. ಮಾಟ ಅಂದವಳೂ ಒಂದು ಹೂವು ಇಡುತ್ತಾಳೆ. ಆ ಹೂವನ್ನು ನೆನೆದದ್ದೇ ಶೈಲಶ್ರೀಗೆ ಸಿಟ್ಟು ನೆತ್ತಿಗೇರಿತು. ಆ ವಿಡಿಯೋವನ್ನು ಒರೆಸಿ ಹಾಕಿದಳು. ಫೋನನ್ನು ತನ್ನ ಕಡೆ ತಿರುಗಿಸಿ, ಬೆವರಿದ ಮುಖ, ಕೆದರಿದ ಕೂದಲು, ಹೇಗಿದ್ದಳೋ ಹಾಗೇ, ಒಂದೇ ಉಸಿರಿಗೆ ಅಂದಳು: "ನಾ ಶೈಲಶ್ರೀ ಮಾತಾಡಾಕತ್ತೇನಿ. ರೊಟ್ಟಿ ಇಟ್ಟಾಕಿ ನಾ. ನಿನ್ನೆ ಸುಳ್ಳ ಬರದೆ. ಹೊಲದಾಕಿ ಹೆಸರ ಆಶಾಬಿ, ಅಕಿ ಏನೂ ಮಾಡಿಲ್ಲ. ಅದು ಮಾಟ ಅಲ್ಲ, ನಾ ಉಣ್ಣೂ ರೊಟ್ಟಿ ಅದು, ನಿಮ್ಮ ಕೂಸು ಸುಖ ನಿದ್ದಿ ಮಾಡ್ಲಿ ಅಂತ ಮುರದ ಇಟ್ಟೇನಿ. ಬ್ಯಾಡಾಗಿದ್ರ ತಿರುಗಿ ಕಳಸ್ರಿ, ನಾ ತಗೋತೀನಿ. ಮಾಟ ಅಂತ ಬರದಾಕಿ ಯಾಕಿ ಅದಾಳ, ಆಕಿಗಿ ನಾಚಿಕಿ ಬರಬೇಕು. ಆ ಕಡೆ ಆ ಕಡೆ ಅಂತೀರಲ್ಲ, ಈ ಕಡೆ ಒಮ್ಮಿ ಬಂದ ನೋಡ್ರಿ!" ಕಳಿಸಿದಳು. ಕಳಿಸಿ ಕಟ್ಟೆಯ ಮೇಲೆ ಕುಕ್ಕರಿಸಿದಳು. ಎಷ್ಟೋ ದಿನದ ಮೇಲೆ ತನ್ನ ದನಿ ತನಗೆ ಕೇಳಿಸಿತು ಅನಿಸಿ, ಒಂದು ಗಳಿಗೆ ಸುಖವಾಯಿತು.

ಛಾದ ಕಪ್ಪು ಎತ್ತಿಕೊಳ್ಳುವಷ್ಟರಲ್ಲಿ ಅವಳನ್ನು ಬಳಗದಿಂದ ತೆಗೆದಿದ್ದರು. ಸೈಮಾ ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದು, ತನ್ನ ಫೋನು ಹಿಡಿದು ಓದಿದಳು. "ವಿಡಿಯೋ ತಗದ ಹಾಕ್ಯಾರ್ರಿ ಅಕ್ಕಾ. 'ಪಾಪ, ತುಂಬಾ ಒತ್ತಡದಲ್ಲಿದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ' ಅಂತ ಬರದಾರ ಮೇಡಂ."

"ಪ್ರಾರ್ಥನಾ ಮಾಡ್ತಾರಂತ!" ಎಂದು ಶೈಲಶ್ರೀ ನಕ್ಕಳು. ಸೈಮಾಳೂ ನಗಲು ನೋಡಿದಳು. ಆಶಾಬಿ ನಗಲಿಲ್ಲ. ಅವಳ ಮುಖ ಕೆಂಪಗಾಗಿತ್ತು. ಎದ್ದು ನಿಂತು, ಹಸಿರು ಸೀರೆಯ ನಿರಿಗೆಯನ್ನು ಕೈಯಲ್ಲಿ ಹಿಡಿದು ಝಾಡಿಸಿದಳು.

"ನಿನಗ ಹಗುರಾತಿಲ್ಲ? ಆತು. ನನ್ನ ಗತಿ ಏನು? ಮನ್ಯಾಗ ನನ್ನ ಪಾಡಿಗಿ ನಾ ಹೊಲಕೊಂಡ ಕುಂತಿದ್ದೆ. ಬಿಸಿನೆಸ್ ಮಾಡೂಣ ಬಾ ಚಾಚಿ ಅಂತ ಎಬಿಸಿದಾಕಿ ಯಾರ? ಒಳಗ ಮೂರು ಕೌದಿ ಹಾಸೇನಿ, ಅರ್ಧ ಆಗ್ಯಾವು. ಯಾರಿಗಿ ಕೊಡ್ಲಿ ಅವನ್ನ? ನನ್ನ ಹೆಸರ್ಲೆ ಸುಳ್ಳ ಬರಿಯೂ ಮುಂದ ನನ್ನ ಕೇಳಲಿಲ್ಲ. ಖರೇ ಹೇಳೂ ಮುಂದರೆ ಕೇಳಿದೆ? ಎರಡೂ ನಿನ್ನ ಸಲುವಾಗೇ ಮಾಡಿದಿ ನೋಡು, ಭಾಡಕೋ!"

ಬೆಳಗ್ಗೆಯಿಂದ ಯಾರು ಯಾರ ಮೇಲೋ ಉರಿದ ಸಿಟ್ಟಿನ ಒಂದು ಕಿಡಿಯೂ ಈಗ ಶೈಲಶ್ರೀಯಲ್ಲಿ ಇರಲಿಲ್ಲ, ಅಷ್ಟೂ ಎದುರಿನ ಹೆಂಗಸಿನಲ್ಲಿತ್ತು. ತಪ್ಪಾತು ಚಾಚಿ ಅನ್ನಬೇಕೆಂದು ಬಾಯಿ ತೆರೆದರೆ, ಆ ಮಾತನ್ನು ಇದೇ ಕಟ್ಟೆಯ ಮೇಲೆ ಆಶಾಬಿಯ ಬಾಯಿಂದ ಆಡಿಸಲು ಬಂದವಳು ತಾನು ಎಂಬುದು ನೆನಪಾಯಿತು. ಚಪ್ಪಲಿ ಹುಡುಕಿದಳು.

"ಎಲ್ಲಿಗಿ ಹೊಂಟಿ?" ಆಶಾಬಿ ಕಾಲಿನಿಂದ ಆ ಚಪ್ಪಲಿಗಳನ್ನು ಕಟ್ಟೆಯ ಕೆಳಗೆ ದೂಡಿದಳು. "ಕುಂದ್ರು ಇಲ್ಲೇ. ಫೋನ್ ತಗಿ. ಮತ್ತೊಂದ ಹುಡುಕು."

"ಮತ್ತೊಂದ ಏನ್ ಚಾಚಿ?"

"ಗ್ರೂಪ. ಇರೂದ ಅದೊಂದೇ ಏನ ಜಗತ್ತಿನ್ಯಾಗ? ಹುಡಕೂ ತನಾ ಎದ್ದೀ ಅಂದ್ರ ಕಾಲ ಮುರೀತೀನಿ."

ಶೈಲಶ್ರೀ ಕೂತಳು. ಒಂದು ಬದಿಗೆ ಸೈಮಾ, ಇನ್ನೊಂದು ಬದಿಗೆ ಬುಸುಗುಡುತ್ತ ಆಶಾಬಿ. ಫೇಸ್‌ಬುಕ್ಕಿನಲ್ಲಿ ಕೌದಿ ಎಂದು ಬರೆದು ಹುಡುಕಿದಳು. ಒಂದರಲ್ಲಿ ಬರೀ ಹೊಲಿಗೆ ಯಂತ್ರ ಮಾರುವವರು. ಇನ್ನೊಂದು ಸತ್ತು ವರ್ಷವಾಗಿತ್ತು. ಮೂರನೆಯದರಲ್ಲಿ ಯಾರೋ ಮುದುಕಿಯೊಬ್ಬಳು ಅಂಗಳದಲ್ಲಿ ಕೌದಿ ಹರವಿಕೊಂಡು ಕೂತ ಫೋಟೋ ಇತ್ತು, ಕೆಳಗೆ ಅವಳ ಹೆಸರು, ಊರು, ದಾರದ ಬಗ್ಗೆ ಯಾರೋ ಕೇಳಿದ್ದು, ಅವಳ ಮೊಮ್ಮಗಳು ಹೇಳಿದ ಉತ್ತರ. ಸೇರುತ್ತೇನೆ ಎಂದು ಒತ್ತಿದಳು. ತಕ್ಷಣ ಒಳಗೆ ಬಿಡಲಿಲ್ಲ, ಒಂದು ಖಾಲಿ ಚೌಕ ತೆರೆದು ನಿಂತಿತು.

"ಏನ್ ಕೇಳಾಕತ್ತಾರ?"

"ಯಾಕ ಸೇರತೀರಿ, ನಿಮ್ಮ ಬಗ್ಗೆ ಹೇಳ್ರಿ ಅಂತ ಕೇಳಾಕತ್ತಾರ."

ನಾನು ವಿಜಯಪುರದ ಶೈಲಶ್ರೀ, ಹೊಸದಾಗಿ ಸಣ್ಣ ಉದ್ಯಮ ಆರಂಭಿಸಿದ್ದೇನೆ, ಎಂದು ಬೆರಳು ಅಭ್ಯಾಸದಿಂದ ಬರೆಯತೊಡಗಿತು. "ಏನ್ ಬರದಿ? ಓದು" ಎಂದಳು ಆಶಾಬಿ. ಶೈಲಶ್ರೀ ಓದಿ ಹೇಳಿದಳು.

"ಅಳಸು ಅದನ್ನ. ನನ್ನ ಹೆಸರೂ ಹಾಕು. ಆಮ್ಯಾಲೆ, ನಾವು ಕೌದ್ಯಾಗ ರೊಟ್ಟಿ ಇಡತೇವಿ, ನಡೀತೈತೇನು ಅಂತ ಮೊದಲ ಕೇಳು. ನಡಿಯೂದಿಲ್ಲ ಅಂದ್ರ ಈಗ ಹೇಳಿಬಿಡ್ಲಿ."

ಶೈಲಶ್ರೀ ಅಳಿಸಿದಳು. ಆಶಾಬಿ ಎಂದು ಮೊದಲು ಬರೆದು, ಪಕ್ಕಕ್ಕೆ ತನ್ನ ಹೆಸರು ಬರೆದು, ಉಳಿದದ್ದನ್ನು ಅವಳು ಹೇಳಿದ ಹಾಗೇ ಬರೆದಳು.